ಕ್ಯಾಂಟೀನಿನಲ್ಲಿ ಸ್ವಯಂಸೇವೆ

1948ರ ಕಾರ್ಖಾನೆಗಳ ಕಾಯಿದೆಯು 250ಕ್ಕಿಂತ ಹೆಚ್ಚು ಕಾರ್ಮಿಕರಿರುವೆಡೆ ಕ್ಯಾಂಟೀನನ್ನೂ, ಸತತ ದುಡಿಮೆಯು ಐದು ಗಂಟೆ ಮೀರದಂತೆ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿದಾಗ, ಅಷ್ಟು ಅಲ್ಪಾವಧಿಯಲ್ಲಿ ಅಷ್ಟೊಂದು ಜನಕ್ಕೆ ಬಡಿಸುವವರಾರೆಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು. ಅನ್ನ ಬಂದರೆ ಸಾರಿಗಾಗಿ, ಸಾರು ಬಂದರೆ ಪಲ್ಯಕ್ಕಾಗಿ ಕಾಯುತ್ತ ವಿರಾಮದ ಬಹುಭಾಗವನ್ನು ನಿರೀಕ್ಷೆಯಲ್ಲೇ ಕಳೆಯುವ ಕಾರ್ಮಿಕನಿಗೆ, ತಟ್ಟೆ ಹಿಡಿದು ತಾನೇ ಬಡಿಸಿಕೊಳ್ಳುವ ಪದ್ಧತಿಯು ಅನುಕೂಲಕರವೇ ಸರಿ. ಇದು ಅಗೌರವವೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ದರ್ಶಿನಿಗಳು, ಚೀಟಿ ಕೊಂಡು ಕೌಂಟರಿನಿಂದ ಇಡ್ಲಿ-ವಡೆಯನ್ನು ತಾವೇ ತಂದು ನಿಂತೇ ತಿನ್ನುವ ಕ್ರಮವನ್ನು ಸಕಲ ವರ್ಗದವರಿಗೂ ಸಹಜವಾಗಿಸಿವೆ.

ಆದರೆ ಶ್ರಮದ ಉಳಿತಾಯವೆಂಬುದು ಬಡಿಸುವವನ ಅನ್ನವನ್ನೇ ಕಸಿಯುವ ಉಪಾಯವಾಗಕೂಡದು. ಸಾರಿನ ಪಾತ್ರೆಗೊಂದೇ ಸೌಟು, ನೂರಾರು ಕೈಗಳಿಗೆ ಎರಡೇ ನಲ್ಲಿ, ಮಜ್ಜಿಗೆ ಚೆಲ್ಲಿದ ಒದ್ದೆ ನೆಲ: ಇಂಥಲ್ಲಿ ಸ್ವಯಂಸೇವೆಯು ಕಾಯುವ ಸ್ಥಳವನ್ನು ಮೇಜಿನಿಂದ ಸಾಲಿಗೆ ವರ್ಗಾಯಿಸುವುದಲ್ಲದೆ ಬೇರೇನನ್ನೂ ಸಾಧಿಸದು. ಬಡಿಸುವುದರಿಂದ ಬಿಡುವಾದ ಕೈಗಳನ್ನು ಅಡುಗೆಮನೆಗೂ, ಪಾತ್ರೆ ತೊಳೆಯುವ ಕಟ್ಟೆಗೂ, ನೆಲದ ಶುಚಿತ್ವಕ್ಕೂ ಅದೇ ವೇತನದಲ್ಲಿ ನಿಯೋಜಿಸಿದಲ್ಲಿ ಊಟದ ಗುಣವೂ ಹೆಚ್ಚೀತು. ಊರುಗೋಲು ಹಿಡಿದವರಿಗೂ ಗರ್ಭಿಣಿಯರಿಗೂ ಕುಳಿತಲ್ಲಿಯೇ ಬಡಿಸುವ ಏರ್ಪಾಡು ಉಳಿಯತಕ್ಕದ್ದು.

ಇನ್ನೊಂದು ಮಾತು. ಅಧಿಕಾರಿಗಳಿಗೆ ಪ್ರತ್ಯೇಕ ಕೊಠಡಿಯಲ್ಲಿ ಬಡಿಸುತ್ತ, ಕಾರ್ಮಿಕರಿಗೆ ಮಾತ್ರ ಸ್ವಾವಲಂಬನೆಯನ್ನು ಉಪದೇಶಿಸುವುದು ನ್ಯಾಯವಲ್ಲ. ಈ ಪದ್ಧತಿಯನ್ನು ತರಬಯಸುವ ಆಡಳಿತವರ್ಗದವರು ಮೊದಲ ದಿನವೇ ತಟ್ಟೆ ಹಿಡಿದು ಅದೇ ಸಾಲಿನಲ್ಲಿ ನಿಲ್ಲಬೇಕೆಂದು ನಮ್ಮ ವಿನಂತಿ.