ಸತ್ತ ಭೂಮಿಗೆ ಜೀವ ಕೊಡುವವರು ಯಾರು?

ಎಂ.ಕೆ. ಹುಬ್ಬಳ್ಳಿಯ ಸುತ್ತ, ಮಲಪ್ರಭೆಯ ದಂಡೆಗುಂಟ ಕಬ್ಬು ಬೆಳೆಯುವ ಹಿರಿಯರು ಆಗಾಗ ಆಡುವ ಮಾತೊಂದಿದೆ: ‘ಭೂಮಿ ಸತ್ತು ಹೋಗೇತ್ರಿ, ಎಷ್ಟು ಗೊಬ್ಬರ ಹಾಕಿದ್ರೂ ಮೊದಲಿನಂಗ ಬೆಳಿ ಬರವಲ್ದು.’ ಕೇಳಿದವರು ಇದನ್ನು ಬೇಸರದ ಮಾತೆಂದು ಬಿಟ್ಟುಬಿಡುತ್ತಾರೆ. ಇದು ಅಕ್ಷರಶಃ ನಿಜವೆಂದು ನಾನು ನಂಬುತ್ತೇನೆ. ಮಣ್ಣಿನೊಳಗೆ ಬದುಕಿದ್ದ ಯಾವುದೋ ಒಂದು ಸಾಯುತ್ತಿದೆ. ಅದನ್ನು ಚೀಲದಲ್ಲಿ ಕೊಂಡು ತಂದು ತುಂಬಿಕೊಡಲು ಆಗುವುದಿಲ್ಲ.

ಎರೆ ಮಣ್ಣಿನಲ್ಲಿ ರಂಜಕ ಸಾಕಷ್ಟಿದ್ದರೂ ಹೆಚ್ಚಿನ ಪಾಲು ಸುಣ್ಣದ ಅಂಶದೊಡನೆ ಗಟ್ಟಿಯಾಗಿ ಕೂತಿರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿ ಸಿಕ್ಕಷ್ಟನ್ನು ಹೀರಿದ ಮೇಲೆ ಹಸಿದು ನಿಲ್ಲುತ್ತದೆ. ಆಗ ನೆರವಿಗೆ ಬರುವುದು ಬೇರಿನೊಳಗೇ ಮನೆ ಮಾಡಿಕೊಂಡಿರುವ ಶಿಲೀಂಧ್ರ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ ಎಳೆಗಳನ್ನು ಅದು ಹಲವು ಸೆಂಟಿಮೀಟರ್ ದೂರಕ್ಕೆ ಚಾಚಿ, ಬೇರು ಹೋಗಲಾರದ ಸಂದಿಗಳಿಂದ ರಂಜಕ ಮತ್ತು ಸತುವನ್ನು ತಂದುಕೊಡುತ್ತದೆ. ಪ್ರತಿಯಾಗಿ ಸಸ್ಯವು ತನ್ನ ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲನ್ನು ಕೊಡುತ್ತದೆ. ಬೇರು ಮತ್ತು ಶಿಲೀಂಧ್ರದ ಕೂಡುಬಾಳ್ವೆಗೆ 1885ರಲ್ಲಿ ಜರ್ಮನಿಯ ಎ.ಬಿ. ಫ್ರಾಂಕ್ ‘ಮೈಕೊರೈಜಾ’ ಎಂದು ಹೆಸರಿಟ್ಟರು. ಬಾಳ್ವೆ ಮಾತ್ರ ಬಹಳ ಹಳೆಯದು. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷಗಳ ಸಸ್ಯದ ಪಳೆಯುಳಿಕೆಗಳಲ್ಲೂ ಇಂಥ ಶಿಲೀಂಧ್ರದ ಗುರುತುಗಳಿವೆ. ನಮ್ಮ ಜೋಳ, ಕಡಲೆ, ಶೇಂಗಾ, ಹತ್ತಿ, ಮೆಣಸಿನಕಾಯಿ, ಕಬ್ಬು ಎಲ್ಲವೂ ಇದರ ಸಂಗಾತಿಗಳು. ಸಾಸಿವೆ, ಎಲೆಕೋಸಿನ ಕುಟುಂಬದಂಥ ಕೆಲವು ಮಾತ್ರ ದೂರ ಉಳಿದಿವೆ.

ಆ ಎಳೆಗಳು ಮಣ್ಣಿನ ಕಣಗಳನ್ನೂ ಹಿಡಿದು ಕಟ್ಟುತ್ತವೆ. ಹಾಗೆ ಕಟ್ಟಿದ ಮಣ್ಣು ನೀರು ಕುಡಿಯುತ್ತದೆ, ಮಳೆಗೆ ಬೇಗ ಕೊಚ್ಚಿಹೋಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದವರೆಗೆ ಊರು, ಹೊಲ ಮುಳುಗಿದ್ದನ್ನು ಕಂಡವರಿಗೆ ಮೇಲ್ಮಣ್ಣಿನ ಬೆಲೆ ಹೇಳಬೇಕಿಲ್ಲ.

ಈ ಶಿಲೀಂಧ್ರಕ್ಕೆ ಒಂದು ಕಟ್ಟುಪಾಡಿದೆ: ಬದುಕಿರುವ ಬೇರಿಲ್ಲದೆ ಅದು ಬೆಳೆಯಲಾರದು. ನಮ್ಮದರಂಥದೇ ಕಪ್ಪು ಮಣ್ಣಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ವರ್ಷಕ್ಕೂ ಮೀರಿ ಕಳೆಯನ್ನೂ ಬೆಳೆಯಗೊಡದೆ ಪಾಳುಬಿಟ್ಟ ಹೊಲಗಳಲ್ಲಿ ಮುಂದಿನ ಬೆಳೆ ಸೊರಗುತ್ತಿತ್ತು. ನೀರಿತ್ತು, ಸಾರಜನಕವೂ ಇತ್ತು. ಬೇರಿನ ಶಿಲೀಂಧ್ರ ಮಾತ್ರ ಕ್ಷೀಣಿಸಿತ್ತು. ಅಲ್ಲಿನ ವಿಜ್ಞಾನಿ ಜೆ.ಪಿ. ಥಾಮ್ಸನ್ 1987ರಲ್ಲಿ ಇದನ್ನು ತೋರಿಸಿಕೊಟ್ಟರು. ಎರೆ ಹೊಲದವರಾದ ನಾವು ಇದನ್ನು ನಮ್ಮದೇ ಕಥೆಯೆಂದು ಓದಬೇಕು. ನಾವು ಶಿಲೀಂಧ್ರವನ್ನು ಬೇರೆ ಬೇರೆ ದಾರಿಯಲ್ಲಿ ಕೊಲ್ಲುತ್ತಿದ್ದೇವೆ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ, ರವದಿಗೆ, ಬೆಂಕಿ ಇಡುತ್ತೇವೆ. ರೋಟಾವೇಟರ್ ಹೊಡೆದು ಎಳೆಗಳನ್ನು ಪುಡಿ ಮಾಡುತ್ತೇವೆ. ಲೆಕ್ಕವಿಲ್ಲದೆ ರಂಜಕದ ಗೊಬ್ಬರ ಡಿಎಪಿ ಸುರಿಯುತ್ತೇವೆ. ರಂಜಕ ಕೈಗೆಟಕುವಂತೆ ಸಿಕ್ಕರೆ ಬೇರು ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ನಂಟು ಕಡಿಯುತ್ತದೆ.

ಹಾಗಾದರೆ ಅಂಗಡಿಯಿಂದ ಇದೇ ಶಿಲೀಂಧ್ರದ ‘ವ್ಯಾಮ್’ ಪೊಟ್ಟಣ ತಂದು ಹಾಕಿದರಾಯಿತಲ್ಲ ಎಂದು ಕೇಳಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ನಡೆಸಿದ ಸಂಶೋಧನೆಯಿಂದ, ತಕ್ಕ ಶಿಲೀಂಧ್ರವನ್ನು ಆರಿಸಿ ನರ್ಸರಿಯಲ್ಲೇ ಸಸಿಗೆ ಕೊಟ್ಟರೆ ಅದು ಗಟ್ಟಿಯಾಗಿ ಬೆಳೆಯುತ್ತದೆಂಬುದು ಖಚಿತವಾಗಿದೆ. ಸಂಡೂರಿನ ಗಣಿ ರಾಶಿಯಂಥ, ಮೇಲ್ಮಣ್ಣೇ ಉಳಿಯದ ಜಾಗಕ್ಕೆ ಇದು ಬೇಕೇಬೇಕು. ಆದರೆ ಹೊಲದ ಮಾತು ಬೇರೆ. ಬೆಂಕಿ, ಅತಿ ಗೊಬ್ಬರ, ಅತಿ ಉಳುಮೆ ಹಾಗೇ ನಡೆದಿರುವ ಮಣ್ಣಿಗೆ ಪೊಟ್ಟಣ ಸುರಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ನೆದರ್ಲೆಂಡ್ಸಿನ ಪ್ರಯೋಗವೊಂದು ಇನ್ನೊಂದು ದಾರಿ ತೋರಿಸಿತು. ಬೇಸಾಯ ಬಿಟ್ಟ ಹೊಲಗಳ ಮೇಲೆ ಸಹಜ ಹುಲ್ಲುಗಾವಲಿನ ಜೀವಂತ ಮಣ್ಣನ್ನು ತೆಳುವಾಗಿ ಹರಡಿದಾಗ, ಕೆಲವೇ ವರ್ಷಗಳಲ್ಲಿ ಅಲ್ಲಿನ ಸಸ್ಯಗಳೂ ಮಣ್ಣಿನ ಜೀವಿಗಳೂ ಹುಲ್ಲುಗಾವಲಿನ ಕಡೆಗೆ ಹೊರಳಿದವು. 2016ರಲ್ಲಿ ಅದರ ವರದಿ ಪ್ರಕಟವಾಯಿತು. ನಮ್ಮಲ್ಲೂ ಹಳೆಯ ಬದುಗಳು, ಗುಡಿಯ ಸುತ್ತಲಿನ ಬನ್ನಿ ಬೇವಿನ ಬುಡಗಳು, ಕಿತ್ತೂರು ಕಡೆಯ ಹುಲ್ಲಿನ ಗುಡ್ಡಗಳು ಇವೆ. ಇವುಗಳನ್ನು ಉಳಿಸಿಕೊಂಡರೆ ಶಿಲೀಂಧ್ರದ ಬೀಜದ ಕಣಜ ಉಳಿದಂತೆ. ಗುಡ್ಡಕ್ಕೆ ಎಷ್ಟು ಸಸಿ ನೆಟ್ಟೆವೆಂದು ಎಣಿಸುವ ಅರಣ್ಯ ಇಲಾಖೆ, ಆ ಸಸಿಯ ಬೇರಿಗೆ ಸಂಗಾತಿ ಇದೆಯೇ ಎಂದೂ ನೋಡಬೇಕು.

ಶಿಲೀಂಧ್ರದಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಮಲಪ್ರಭಾ ಕಾಲುವೆ ಹರಿಯುವ ಕಡೆ ಸವಳಾದ ಹೊಲಗಳಿವೆ. ಉಪ್ಪಿನ ಬಾಧೆ ತಾಳಲು ಶಿಲೀಂಧ್ರ ಬೆಳೆಗೆ ನೆರವಾಗುತ್ತದೆ, ಆದರೆ ನಿಂತ ನೀರನ್ನು ಹೊರಹಾಕುವುದು ಬಸಿಗಾಲುವೆಯೇ. ನೀರು ಬಿಡುವ ಕೈ ಬದಲಾಗದಿದ್ದರೆ ಯಾವ ಜೀವಿಯೂ ಆ ಹೊಲವನ್ನು ಕಾಯಲಾರದು.

ಆದ್ದರಿಂದ ಕಬ್ಬು ಬೆಳೆಯುವ ಅಣ್ಣತಮ್ಮಂದಿರಲ್ಲಿ, ಕಬ್ಬು ಕೊಳ್ಳುವ ಕಾರ್ಖಾನೆಗಳಲ್ಲಿ ನನ್ನ ಬೇಡಿಕೆ ಇಷ್ಟು: ಈ ಸಲ ಕಬ್ಬು ಕಡಿದ ಮೇಲೆ ರವದಿಗೆ ಕಡ್ಡಿ ಗೀರಬೇಡಿ, ಕುಳೆಯ ಸಾಲುಗಳ ನಡುವೆ ಹರಡಿ. ಕುಳೆ ತೆಗೆದ ಹೊಲವನ್ನು ಬರಿದಾಗಿ ಬಿಡದೆ ಕಡಲೆಯನ್ನೋ ಜೋಳವನ್ನೋ ಬಿತ್ತಿ. ಮಣ್ಣು ಪರೀಕ್ಷೆ ಮಾಡಿಸದೆ ಡಿಎಪಿ ಚೀಲ ಬಿಚ್ಚಬೇಡಿ.