ಚಾಮಯ್ಯ ಮೇಷ್ಟ್ರು ಮತ್ತು ನಾವು



ಮನಸ್ಸು ಕಲಕುವ ಸಿನಿಮಾ ಯಾಕೆ ನೋಡಬೇಕು, ಸಂಸಾರದ ದುಃಖವೇ ಸಾಲದೇ ಎನ್ನುವವರು ನಮ್ಮಲ್ಲಿ ಬಹಳ. ನಾನು ಒಪ್ಪುವುದಿಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1972ರ ‘ನಾಗರಹಾವು’ ನಮ್ಮ ದುರ್ಗದ ಬಂಡೆಗಳ ನಡುವೆಯೇ ಚಿತ್ರೀಕರಣವಾದದ್ದು. ಹುಡುಗನಾಗಿದ್ದಾಗ ಹೊಳಲ್ಕೆರೆಯ ಟೂರಿಂಗ್ ಟಾಕೀಸಿನಲ್ಲಿ ನೋಡಿದೆ. ಆಗ ತಲೆಯಲ್ಲಿ ಉಳಿದದ್ದು ಓಬವ್ವನ ಒನಕೆ ಮಾತ್ರ.

ಈಗ ನನ್ನನ್ನು ಕಾಡುವುದು ಬೆಟ್ಟದ ಮೇಲಿನ ಕೊನೆಯ ಸಾವುಗಳಲ್ಲ. ಕುಸಿದ ಮೇಲೆ ಬಿರುಕು ಎಲ್ಲಿಂದ ಶುರುವಾಯಿತೆಂದು ಹುಡುಕುವುದು ಇಂಜಿನಿಯರನ ಚಾಳಿ. ಅದು ಶುರುವಾಗುವುದು ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರಿಂದ. ಕೆಟ್ಟವರಲ್ಲ, ರಾಮಾಚಾರಿಯ ಮೇಲೆ ಪ್ರಾಣವಿಟ್ಟವರು. ಆ ಸಲುಗೆಯಿಂದಲೇ, ಜಾತಿ ಬೇರೆಯೆಂದು ಅವನಿಂದ ಅಲಮೇಲುವನ್ನು ಬಿಡಿಸುತ್ತಾರೆ. ಹೊಡೆದು ಬೈದು ಹೇಳಿದ್ದರೆ ಅವನು ಕೇಳುತ್ತಲೇ ಇರಲಿಲ್ಲ.

ಹದಿನೈದು ವರ್ಷದ ಹಿಂದೆ ನಾನೂ ಈ ಕೆಲಸ ಮಾಡಿದ್ದೇನೆ. ಹಿರಿಯೂರು ಕಡೆಯ ಬಂಧುಗಳ ಮಗಳು ಮೆಚ್ಚಿದ ಹುಡುಗ ಲಿಂಗಾಯತನೇ, ಒಳಪಂಗಡ ಬೇರೆ. ‘ಇಂಜಿನಿಯರ್ ಮಾವ ಹೇಳಿದರೆ ಕೇಳುತ್ತಾಳೆ’ ಎಂದು ಕರೆದರು. ಹೋದೆ, ಹೇಳಿದೆ, ಕೇಳಿದಳು. ಅದೇ ವರ್ಷದ ಬಸವ ಜಯಂತಿಯಲ್ಲಿ ಹರಳಯ್ಯ–ಮಧುವರಸರ ಬೀಗತನದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದವನೂ ನಾನೇ.

ಮುಂದಿನ ಯುವಶಿಬಿರದಲ್ಲಿ ಈ ಚಿತ್ರ ತೋರಿಸಬೇಕೆಂದು ಶ್ರೀಮಠದಲ್ಲಿ ಬಿನ್ನವಿಸಿಕೊಂಡಿದ್ದೇನೆ. ಆ ಕೊನೆಯ ದೃಶ್ಯ ತೋರಿಸಿ ಎಳೆಯರನ್ನು ಸುಮ್ಮನೆ ಮನೆಗೆ ಕಳಿಸುವಂಥದ್ದಲ್ಲ, ಕೂತು ಮಾತಾಡಬೇಕು. ಮಕ್ಕಳ ಜೊತೆ ತಂದೆತಾಯಂದಿರೂ ತಪ್ಪದೇ ಬರಲಿ. ಮೊದಲು ಮಾತಾಡುವವನು ನಾನು.