ಹೊಲಿಗೆ ಎಲ್ಲಿದ್ದರೂ ಹೊಲಿಗೆಯೇ

ಬಾಣಂತಿಯನ್ನು ನೋಡಲು ಬರುವವರು ಕೇಳುವ ಮೊದಲನೆಯ ಪ್ರಶ್ನೆ 'ಗಂಡೋ, ಹೆಣ್ಣೋ?' ಎಂಬುದು. ಎರಡನೆಯದು, 'ನಾರ್ಮಲ್ಲೋ, ಸಿಜೇರಿಯನ್ನೋ?' ಮೊದಲನೆಯದರ ಹಿಂದಿರುವ ಅನ್ಯಾಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಭಾಷಣಗಳಾಗಿವೆ, ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆಗಳೂ ನಡೆದಿವೆ. ಎರಡನೆಯದು ಕುಶಲಪ್ರಶ್ನೆಯ ವೇಷದಲ್ಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಉತ್ತರ ಕೇಳಿದವರ ಮುಖವನ್ನು ಒಮ್ಮೆ ಗಮನಿಸಿ. 'ನಾರ್ಮಲ್' ಎಂದರೆ, 'ಸದ್ಯ! ಹಾಗಾದರೆ ನಾಲ್ಕು ದಿನಕ್ಕೆ ಎದ್ದು ಓಡಾಡುತ್ತಾಳೆ ಬಿಡಿ' ಎನ್ನುತ್ತಾರೆ. 'ಸಿಜೇರಿಯನ್' ಎಂದರೆ, 'ಈಗಿನ ಹುಡುಗಿಯರಿಗೆ ನೋವು ತಿನ್ನುವ ತ್ರಾಣವೆಲ್ಲಿ?' ಎನ್ನುತ್ತಾರೆ. ಒಬ್ಬಳ ನೋವು ಮುಗಿದೇಹೋಯಿತೆಂದು ತೀರ್ಪು. ಇನ್ನೊಬ್ಬಳು ನೋವನ್ನು ತಪ್ಪಿಸಿಕೊಂಡಳೆಂದು ತೀರ್ಪು. ಎರಡು ತೀರ್ಪುಗಳ ಫಲ ಮಾತ್ರ ಒಂದೇ. ಇಬ್ಬರಿಗೂ ವಿಶ್ರಾಂತಿ ತಪ್ಪುತ್ತದೆ.

ಎರಡೂ ಬಗೆಯ ಹೆರಿಗೆಯನ್ನು ಉಂಡವಳು ನಾನು. 1996ರಲ್ಲಿ ಮಗಳು 'ನಾರ್ಮಲ್' ಆಗಿ ಹುಟ್ಟಿದಳು. 2000ದಲ್ಲಿ ಮಗ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದರಿಂದ ಸಿಜೇರಿಯನ್ ಮಾಡಿದರು. ಮಗಳು ಹುಟ್ಟಿದ ಮೂರನೆಯ ದಿನವೇ ಮನೆಗೆ ಕಳಿಸಿದ್ದರು. ಕೆಳಗೆ ಹಾಕಿದ ಹೊಲಿಗೆಯಿಂದಾಗಿ ಹತ್ತು ಹನ್ನೆರಡು ದಿನ ನೆಲದ ಮೇಲೆ ನೆಟ್ಟಗೆ ಕೂರಲಾಗಲಿಲ್ಲ. ಒಂದೇ ಮಗ್ಗುಲಿಗೆ ಭಾರ ಹಾಕಿ ಹಾಲೂಡಿಸಿದೆ. ಕುಕ್ಕರುಗಾಲಿನಲ್ಲಿ ಕೂರಬೇಕಾದ ಪಾಯಿಖಾನೆಗೆ ಹೋಗುವುದೆಂದರೆ ಹೆರಿಗೆಗಿಂತ ಹೆಚ್ಚು ಭಯವಾಗುತ್ತಿತ್ತು. ಇದನ್ನೆಲ್ಲ ಯಾರಲ್ಲಿ ಹೇಳಿಕೊಳ್ಳುವುದು? ಮಗ ಹುಟ್ಟಿದಾಗ ಮೊದಲ ಕೆಲವು ಗಂಟೆ ಸೊಂಟದ ಕೆಳಗೆ ಜೀವವೇ ಇರಲಿಲ್ಲ. ಮರುದಿನ ನರ್ಸ್ ಎಬ್ಬಿಸಿ ನಿಲ್ಲಿಸಿದಾಗ ಹೊಟ್ಟೆಯೇ ಕಳಚಿ ಬೀಳುತ್ತದೆಯೇನೋ ಎನ್ನಿಸಿತು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕು. ನಗಿಸುವವರು ಬಂದರೆ ಕೈಮುಗಿದು ಕಳಿಸಬೇಕು. ಆಗ ನೋಡಲು ಬಂದ ಹಿರಿಯರೊಬ್ಬರು, 'ಈ ಸಲ ಆರಾಮವಾಯಿತಲ್ಲಮ್ಮ, ನೋವು ತಿನ್ನದೆ ಹೆತ್ತೆ' ಎಂದರು. ನೋವು ಹೆರಿಗೆಗೆ ಮುಂಚೆ ಬಂದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ, ಆಮೇಲೆ ಬಂದರೆ ಸೇರುವುದಿಲ್ಲ ಎಂಬ ಗಣಿತವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಾನರಿಯೆ.

ಹೋಲಿಸಲೇಬೇಕೆಂದರೆ ಸರಿಯಾಗಿ ಹೋಲಿಸೋಣ. ಸಿಜೇರಿಯನ್ನಿನಲ್ಲಿ ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಕಡೆಗೆ ಗರ್ಭಕೋಶ, ಇಷ್ಟನ್ನೂ ದಾಟಿ ಮಗುವನ್ನು ಹೊರಗೆ ತೆಗೆಯುತ್ತಾರೆ. ಹೊರಗೆ ಕಾಣುವ ಗೆರೆ ಒಂದೇ. ಒಳಗಿನ ಗಾಯ ಹಲವು ಪದರಗಳದು. ನಾರ್ಮಲ್ ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗುವುದನ್ನು ವೈದ್ಯರು ಮಾಮೂಲೆಂದು ಎಣಿಸುತ್ತ ಬಂದಿದ್ದಾರೆ. ಸಿಜೇರಿಯನ್ನಿನಲ್ಲಿ ಆ ಲೆಕ್ಕ ಒಂದು ಲೀಟರ್. ಗಾಯಕ್ಕೆ ನಂಜಾಗುವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇಲ್ಲಿ ಹೆಚ್ಚು. ನೋವಿದ್ದರೂ ಬೇಗ ಎದ್ದು ನಡೆಯಿರಿ ಎಂದು ಡಾಕ್ಟರು ಹೇಳುವುದು ಅದಕ್ಕಾಗಿಯೇ ಹೊರತು, ಎದ್ದು ಅಡಿಗೆ ಮಾಡಿರಿ ಎಂದಲ್ಲ. ಕೆಲವರಿಗೆ ಹಾಲು ಇಳಿಯುವುದು ತಡವಾಗುತ್ತದೆ. ಆರು ವಾರ ಮಗುವಿಗಿಂತ ಭಾರವಾದುದನ್ನು ಎತ್ತಬಾರದು. ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೇ ಅಂಟಿಕೊಂಡು ಪ್ರಾಣಕ್ಕೆ ಬರುವುದೂ ಉಂಟು.

ಇನ್ನು 'ನಾರ್ಮಲ್' ಎಂಬುದರ ಕಥೆ. ಹೆರುವಾಗ ಆಗುವ ಹರಿತವನ್ನು ವೈದ್ಯರು ನಾಲ್ಕು ದರ್ಜೆಗಳಲ್ಲಿ ಎಣಿಸುತ್ತಾರೆ. ಮೊದಲನೆಯದು ಚರ್ಮದಷ್ಟಕ್ಕೆ, ನಾಲ್ಕನೆಯದು ಗುದದ ಒಳಪೊರೆಯವರೆಗೆ. ನಾಲ್ಕನ್ನೂ ನಮ್ಮ ಜನ ಒಂದೇ ಮಾತಿನಲ್ಲಿ 'ನಾರ್ಮಲ್' ಎನ್ನುತ್ತಾರೆ. ಕೆಮ್ಮಿದರೆ ಮೂತ್ರ ಜಾರುವುದು, ಗರ್ಭಕೋಶ ಕೆಳಗಿಳಿಯುವುದು ಇವೆಲ್ಲ ಹೆರಿಗೆಯಾಗಿ ಎಷ್ಟೋ ವರ್ಷಗಳ ಮೇಲೆ ತಲೆದೋರಬಹುದು, ನಾರ್ಮಲ್ ಆದವರಲ್ಲಿ ಹೆಚ್ಚಾಗಿ. ಐವತ್ತು ದಾಟಿದ ಹೆಂಗಸರು ನಾಲ್ಕು ಜನ ಸೇರಿ ಬಾಗಿಲು ಮುಚ್ಚಿಕೊಂಡಾಗ ಮಾತ್ರ ಈ ವಿಷಯ ಹೊರಬರುತ್ತದೆ. ಮೂವತ್ತು ವರ್ಷದ ಹಿಂದೆ 'ಏನೂ ತೊಂದರೆಯಿಲ್ಲ' ಎಂದವರು ಆಗ ಅಲ್ಲಿರುವುದಿಲ್ಲ.

ಇಬ್ಬರಿಗೂ ಸಮಾನವಾದದ್ದೂ ಇದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಸ್ರಾವ ನಿಲ್ಲಲು ನಾಲ್ಕರಿಂದ ಆರು ವಾರ. ಮಗು ಯಾವ ದಾರಿಯಿಂದ ಬಂತೆಂದು ಗರ್ಭಕೋಶ ಕೇಳುವುದಿಲ್ಲ. ನಿದ್ದೆಗೇಡು, ನಿಶ್ಶಕ್ತಿ, ಕಾರಣವಿಲ್ಲದೆ ಒತ್ತರಿಸಿ ಬರುವ ಅಳು ಇವೂ ಕೇಳುವುದಿಲ್ಲ. ಮೊದಲ ವಾರಗಳ ಮಟ್ಟಿಗೆ ನಾರ್ಮಲ್ ಆದವಳು ಬೇಗ ಚೇತರಿಸಿಕೊಳ್ಳುತ್ತಾಳೆ ಎಂಬುದು ಸಾಮಾನ್ಯವಾಗಿ ನಿಜ. ಆದರೆ 'ಬೇಗ' ಎಂದರೆ 'ತಕ್ಷಣ' ಎಂದು ಅರ್ಥ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಅತ್ತೆಮನೆಗಾಗಲಿ ಆಫೀಸಿಗಾಗಲಿ ಯಾರು ಕೊಟ್ಟರು?

'ಹಾಗಾದರೆ ಊರಿಗೆಲ್ಲ ಸಿಜೇರಿಯನ್ ಆಗಲಿ ಎನ್ನುತ್ತೀರಾ?' ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 23.6ರಷ್ಟಿದ್ದ ಸಿಜೇರಿಯನ್ ಹೆರಿಗೆ 2019-21ರ ವೇಳೆಗೆ 31.5ಕ್ಕೆ ಏರಿತು. ಅದೇ ಸಮೀಕ್ಷೆಯಂತೆ ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಸರ್ಕಾರಿ ಆಸ್ಪತ್ರೆಗೆ ಹೋಗುವವಳ ಹೊಟ್ಟೆಯಲ್ಲಿ ಮಗು ನೆಟ್ಟಗೂ, ಖಾಸಗಿಗೆ ಹೋಗುವವಳ ಹೊಟ್ಟೆಯಲ್ಲಿ ಸೊಟ್ಟಗೂ ಮಲಗುತ್ತದೆಯೇ? ಒಂದು ನಾಡಿನಲ್ಲಿ ಈ ಶಸ್ತ್ರಚಿಕಿತ್ಸೆ ನೂರಕ್ಕೆ ಹತ್ತನ್ನು ಮೀರಿದ ಮೇಲೆ ತಾಯಿ ಮಕ್ಕಳ ಸಾವು ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಬಿಲ್ಲಿಗಾಗಿ ಕೊಯ್ಯುವವರಿದ್ದಾರೆ, ಒಳ್ಳೆಯ ನಕ್ಷತ್ರಕ್ಕಾಗಿ ಕೊಯ್ಯಿಸುವವರೂ ಇದ್ದಾರೆ. ಜಗಳವಾಡಬೇಕಾದದ್ದು ಆ ಬಿಲ್ಲಿನೊಡನೆ, ಆ ಪಂಚಾಂಗದೊಡನೆ. ಹೊಲಿಗೆ ಹಾಕಿಸಿಕೊಂಡು ಮಲಗಿದವಳೊಡನೆ ಅಲ್ಲ. ಬೇಡದ ಸಿಜೇರಿಯನ್ ಆದವಳಿಗೆ ಗಾಯ ಸುಳ್ಳಾಗಿರುವುದಿಲ್ಲ. ಅವಳಿಗೆ ಅನ್ಯಾಯ ಇಮ್ಮಡಿ, ಅಷ್ಟೆ.

ಇನ್ನೊಂದು ವಾದ ಅಜ್ಜಿಯದು. 'ನಮ್ಮಜ್ಜಿ ಗದ್ದೆಯ ಬದುವಿನಲ್ಲೇ ಹೆತ್ತು, ಸಂಜೆಗೆ ಮಗುವಿನ ಜೊತೆ ಹುಲ್ಲಿನ ಹೊರೆಯನ್ನೂ ಹೊತ್ತು ಬಂದಳು.' ಬಂದ ಅಜ್ಜಿಯ ಕಥೆ ಹೇಳಲು ಮೊಮ್ಮಕ್ಕಳಿದ್ದಾರೆ. ಬಾರದೆ ಹೋದ ಅಜ್ಜಿಯ ಕಥೆಯನ್ನು ಯಾರು ಹೇಳಬೇಕು? ಜೂಲಿಯಸ್ ಸೀಸರ್ ಹೊಟ್ಟೆ ಸೀಳಿ ಹುಟ್ಟಿದವನೆಂದು ಮಕ್ಕಳಿಗೆ ಹೇಳುವುದುಂಟು. ಅದು ನಂಬತಕ್ಕ ಮಾತಲ್ಲ. ಅವನ ತಾಯಿ ಔರೇಲಿಯಾ ಅವನು ದೊಡ್ಡ ದಂಡನಾಯಕನಾಗುವವರೆಗೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಸೀಳುತ್ತಿದ್ದುದು ಸತ್ತ ಅಥವಾ ಸಾಯುತ್ತಿದ್ದ ತಾಯಿಯದು. ಇಂದು ಅದೇ ಶಸ್ತ್ರಚಿಕಿತ್ಸೆಯಾದವಳು ವಾರದೊಳಗೆ ಮಗುವನ್ನೆತ್ತಿಕೊಂಡು ಮನೆಗೆ ಬರುತ್ತಾಳೆ. ಹೊಸಿಲಲ್ಲಿ ಆರತಿ ಎತ್ತಿ, ಒಳಗೆ ಕರೆದು, 'ತ್ರಾಣವಿಲ್ಲದವಳು' ಎನ್ನುತ್ತೇವೆ.

ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಸರ್ಕಾರದ ಕಾಗದಗಳೇ ಮೇಲು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆಯಾದವಳಿಗೆ 3 ದಿನ, ಸಿಜೇರಿಯನ್ ಆದವಳಿಗೆ 7 ದಿನದವರೆಗೆ ಉಚಿತ ಊಟ. ನಾರ್ಮಲ್ ಆದವರ ಮನೆಗೆ ಆಶಾ ಕಾರ್ಯಕರ್ತೆ 3ನೆಯ ದಿನದಿಂದ, ಸಿಜೇರಿಯನ್ ಆದವರ ಮನೆಗೆ 7ನೆಯ ದಿನದಿಂದ ಬರಬೇಕು. ಆದರೆ ಕೊನೆಯ ಭೇಟಿ ಇಬ್ಬರಿಗೂ 42ನೆಯ ದಿನ. ವ್ಯತ್ಯಾಸವಿರುವಲ್ಲಿ ವ್ಯತ್ಯಾಸ, ಸಮಾನವಿರುವಲ್ಲಿ ಸಮಾನ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಾಗ ಹೊಲಿಗೆ ಎಲ್ಲಿದೆ ಎಂದು ಕೇಳಲಿಲ್ಲ. ನನ್ನಂಥ ಸರ್ಕಾರಿ ಸಂಬಳದವರಿಗೆ ರಜೆಯುಂಟು. ಕಳೆ ಕೀಳುವ, ಇಟ್ಟಿಗೆ ಹೊರುವ, ನಾಲ್ಕು ಮನೆ ಮುಸುರೆ ತಿಕ್ಕುವ ಹೆಣ್ಣಿಗೆ ಯಾವ ರಜೆ? ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಕೊಡುವ 5,000 ರೂಪಾಯಿ ಎಷ್ಟು ದಿನದ ಕೂಲಿಗೆ ಸಮ ಎಂದು ನೀವೇ ಲೆಕ್ಕ ಹಾಕಿ.

ಬಾಣಂತನ ಎಂಬ ಒಂದು ಒಳ್ಳೆಯ ಪದ್ಧತಿಯನ್ನು ನಮ್ಮ ಹಿರಿಯರು ಬಿಟ್ಟುಹೋಗಿದ್ದಾರೆ. ಅದರ ತಿರುಳು ಕೋಣೆ, ಹೊಗೆ, ಅಂಟಿನುಂಡೆಗಳಲ್ಲಿಲ್ಲ. ಹೆತ್ತವಳು ಕೆಲಸ ಮಾಡಬಾರದು, ಬೇರೆಯವರು ಅವಳಿಗೆ ಮಾಡಬೇಕು ಎಂಬ ಒಂದು ಮಾತಿನಲ್ಲಿದೆ. ನಾವು ಉಳಿಸಿಕೊಂಡದ್ದು ಸಿಪ್ಪೆಯನ್ನು. ಹೊಟ್ಟೆ ಬರುತ್ತದೆಂದು ನೀರು ಕೊಡದೆ ಒಣಗಿಸುತ್ತೇವೆ; ಹಾಲೂಡಿಸುವವಳಿಗೆ ನೀರು ಹೆಚ್ಚು ಬೇಕು, ನೀರಿಲ್ಲದೆ ಮಲ ಗಟ್ಟಿಯಾದರೆ ಎರಡು ಬಗೆಯ ಹೊಲಿಗೆಗೂ ಕಷ್ಟ. ಹಸಿಗಾಯದ ಮೇಲೆ ಬಟ್ಟೆ ಬಿಗಿದು, ಬಿಸಿನೀರನ್ನು ಬೀಸಿ ಹೊಯ್ಯುತ್ತೇವೆ. ವಿಶ್ರಾಂತಿಯನ್ನು ಮಾತ್ರ, 'ನಾರ್ಮಲ್ ತಾನೆ' ಎಂದು ಒಬ್ಬಳಿಂದ, 'ನೋವು ತಿನ್ನಲಿಲ್ಲ ತಾನೆ' ಎಂದು ಇನ್ನೊಬ್ಬಳಿಂದ ಕಿತ್ತುಕೊಳ್ಳುತ್ತೇವೆ.

ಹೆತ್ತ ತಾಯಿಯೇ ಮಾಡಬೇಕಾದ ಕೆಲಸ ಒಂದೇ ಒಂದು, ಮೊಲೆಯೂಡಿಸುವುದು. ಮಗುವಿನ ಬಟ್ಟೆ ಒಗೆಯಲು, ತೊಟ್ಟಿಲು ತೂಗಲು, ನೀರಿನ ಕೊಡ ಎತ್ತಲು, ಬಂದವರಿಗೆ ಕಾಫಿ ಮಾಡಿ ಕೊಡಲು ಎದೆಯಲ್ಲಿ ಹಾಲಿರಬೇಕಾಗಿಲ್ಲ. ಎರಡು ಕೈಗಳಿದ್ದರೆ ಸಾಕು. ಅಂಥ ಕೈಗಳು ಪ್ರತಿ ಮನೆಯ ಗಂಡಸರಿಗೂ ಇವೆ, ಅವುಗಳಿಗೆ ಯಾರೂ ಹೊಲಿಗೆ ಹಾಕಿಲ್ಲ. ಆರು ವಾರ ಆ ಕೈಗಳು ಕೆಲಸ ಮಾಡಲಿ. ಹೆತ್ತವಳು ಹೇಗೆ ಹೆತ್ತಳೆಂಬ ಚರ್ಚೆಗೆ ಆಮೇಲೆ ಅವರಿಗೂ ಬಿಡುವಿರುವುದಿಲ್ಲ.